ಮೈನಸ್ ಎರಡರ ಅಡ್ಡಮರ

ಮೊನ್ನೆ ಕಂಪಲಾಪುರದ ತವರಿನಿಂದ ಅಮ್ಮ ಅವರೆಕಾಯಿ ಕಳಿಸಿದ್ದಳು. ಹಿಂದೆ ಸೊಪ್ಪು ತುಂಬಿದ್ದ ಗೋಣಿಚೀಲವಿರಬೇಕು, ಬಿಚ್ಚಿದೆ ನೋಡಿ, ಬೆಂದ ಹೊಗೆಸೊಪ್ಪಿನ ಸಿಹಿ ಗಮಟು ಮೂಗಿಗೆ ಬಡಿಯಿತು. ನನ್ನ ಅಂಗಾಲು ತಣ್ಣಗಾಯಿತು. ನಲವತ್ತು ದಾಟಿದರೂ ಆ ವಾಸನೆಗೆ ಮೊದಲು ಬರುವುದು ಭಯ. ಆಮೇಲೆ ತವರಿನ ಪಕ್ಕದ ಮನೆಯ ಅಕ್ಕ...

ಆಗ ಅಕ್ಕ ಬಿ.ಎಸ್ಸಿ. ಮುಗಿಸಿ ಮನೆಯ ಬೇಸಾಯ ನೋಡಿಕೊಳ್ಳುತ್ತಿದ್ದಳು. ನಾನು ಮೊದಲ ಪಿಯುಸಿ, ಫ್ಲೋರ್ ಫಂಕ್ಷನ್ ಹತ್ತಿರ ಮುಗ್ಗರಿಸಿ ಕೂತಿದ್ದೆ. ಕೊಟ್ಟ ಸಂಖ್ಯೆಯನ್ನು ಮೀರದ ಅತಿ ದೊಡ್ಡ ಪೂರ್ಣಾಂಕ ಬರೆಯಬೇಕು, ಅಷ್ಟೆ. 2.7ಕ್ಕೆ ಎರಡು ಎಂದು ಸಲೀಸಾಗಿ ಬರೆದವಳು, ಮೈನಸ್ 2.3ಕ್ಕೂ ಮೈನಸ್ ಎರಡು ಎಂದೇ ಹಟ ಹಿಡಿದಿದ್ದೆ. ದಶಾಂಶ ಕಿತ್ತುಹಾಕಿದರಾಯಿತು ಎನ್ನುವುದು ನನ್ನ ಜಾಣತನ!

ಬೇಸತ್ತ ಅಕ್ಕ ನನ್ನನ್ನು ಅವರ ಬ್ಯಾರನ್ನಿಗೆ, ಹೊಗೆಸೊಪ್ಪು ಬೇಯಿಸುವ ಎತ್ತರದ ಕಟ್ಟಡಕ್ಕೆ, ಎಳೆದುಕೊಂಡು ಹೋದಳು. ಸೊಪ್ಪು ಬೇಯಿಸುವ ಕಾಲ ಇನ್ನೂ ಬಂದಿರಲಿಲ್ಲ, ಒಳಗೆ ಖಾಲಿ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ನೇತುಹಾಕಲು ಗೋಡೆಯಿಂದ ಗೋಡೆಗೆ, ಒಂದರ ಮೇಲೊಂದು ಅಡ್ಡಮರಗಳು. ನಡುವಿನದಕ್ಕೆ ಸೀಮೆಸುಣ್ಣದಲ್ಲಿ ಸೊನ್ನೆ ಬರೆದಳು. ಮೇಲಿನವಕ್ಕೆ ಒಂದು, ಎರಡು. ಕೆಳಗಿನವಕ್ಕೆ ಮೈನಸ್ ಒಂದು, ಎರಡು, ಮೂರು.

"ಹತ್ತಿ ಇಳಿಯೇ. ನಿನ್ ಕಾಲೇ ಹೇಳ್ಕೊಡ್ತದೆ."

ಹತ್ತುವುದೇನೋ ಹತ್ತಿದೆ. ಇಳಿಯುವಾಗ ಮೈನಸ್ ಎರಡರ ಮರ, ಗೆದ್ದಲು ತಿಂದದ್ದು, ಲಟ್ಟೆಂದಿತು. ಕಾಲು ಜಾರಿ ಅದರ ತುಸು ಕೆಳಗೆ, ಮೈನಸ್ 2.3ರಲ್ಲೇ ಅನ್ನಿ, ಗಾಳಿಯಲ್ಲಿ ನೇತಾಡಿತು. ಮೈನಸ್ ಒಂದನ್ನು ತಬ್ಬಿಕೊಂಡೆ. ಕೆಳಗೆ ಬಿಸಿಗಾಳಿಯ ಕಬ್ಬಿಣದ ಕೊಳವೆಗಳು. ಕಾಲು ತಾನಾಗಿ ಮೇಲಕ್ಕೇ, ಆ ಮುರುಕು ಮರಕ್ಕೇ ತಡಕಾಡುತ್ತಿತ್ತು.

"ಮ್ಯಾಕೆ ಇಡ್ಬ್ಯಾಡ ಕಣೇ!" ಅಕ್ಕ ನೆಲದಿಂದ ಕೂಗಿದಳು. "ಕೆಳಗೆ ಯಾವ್ದದೆ, ಹೇಳು!"

"ಮೈನಸ್ ಎರಡೇ ಹತ್ರ ಅದೆ ಅಕ್ಕಾ..."

"ಹತ್ರದ್ದಲ್ಲ, ಕೆಳಗಿಂದು!"

"ಮೈನಸ್... ಮೂರು."

"ಅಲ್ಲಿಗೆ ಬುಡು ಕಾಲ."

ಬಿಟ್ಟೆ. ಮರ ಸಿಕ್ಕಿತು. ನೆಲಕ್ಕಿಳಿದು ಇಬ್ಬರೂ ತಬ್ಬಿಕೊಂಡು ಅತ್ತೆವು. ಆಮೇಲೆ ಅಕ್ಕ ಮುರುಕು ಮರಕ್ಕೆ ಹಗ್ಗ ಬಿಗಿದಳು. "ನಮ್ಮಪ್ಪಂಗೆ ಹೇಳ್ಬ್ಯಾಡ, ಬೈತದೆ. ನಾನೇ ಬೇರೆ ಹಾಕಿಸ್ತೀನಿ" ಎಂದಳು. ನಾನು ಹೇಳಲಿಲ್ಲ.

ಆ ವರ್ಷವೇ, ಸೊಪ್ಪು ತುಂಬುವಾಗ, ಅಕ್ಕ ಅದೇ ಬ್ಯಾರನ್ನಿನಲ್ಲಿ ಬಿದ್ದಳು. ಮೂರನೆಯ ದಿನ ಹೋಗಿಬಿಟ್ಟಳು. ಮರ ಮುರಿಯಿತು ಎಂದರು. ಯಾವ ಮರ ಎಂದು ಕೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವಳು ಬೇರೆ ಹಾಕಿಸಿದ್ದಳೋ, ಮರೆತಿದ್ದಳೋ...

ನಿನ್ನೆ ಸಂಜೆ ಹುಣಸೂರಿನ ನಮ್ಮ ಮನೆಯಲ್ಲಿ ಮಗಳು ಲೆಕ್ಕ ಮಾಡುತ್ತಿದ್ದಳು. ಅವಳೂ ಈಗ ಮೊದಲ ಪಿಯುಸಿ. ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮೈನಸ್ 2.3ರ ಮುಂದೆ ಅವಳ ಪೆನ್ಸಿಲ್ ಮೈನಸ್ ಎರಡು ಎಂದು ಬರೆಯಿತು. ನನಗರಿವಿಲ್ಲದೆ ಅವಳ ಮಣಿಕಟ್ಟು ಹಿಡಿದು ಚೀರಿಬಿಟ್ಟೆ. "ಅಲ್ಲಿ ಇಡಬೇಡ!"

"ಅಮ್ಮಾ, ಲೆಕ್ಕ ಕಣಮ್ಮಾ ಇದು! ಕೈ ನೋಯ್ತದೆ, ಬುಡು."

ಬಿಡಲು ಆಗಲಿಲ್ಲ. ಅವಳು ಇನ್ನೊಂದು ಕೈಯಲ್ಲಿ ಅಳಿಸಿ, ಸೊಟ್ಟಗೆ ಮೈನಸ್ ಮೂರು ಎಂದು ಬರೆದ ಮೇಲೆಯೇ ನನ್ನ ಬೆರಳು ಸಡಿಲವಾದದ್ದು.

"ಯಾರಮ್ಮ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?"

ಪಕ್ಕದ ಮನೆಯ ಅಕ್ಕ ಎಂದೆ. ಮತ್ತೆ ಅವರೆಕಾಯಿ ಕೈಗೆತ್ತಿಕೊಂಡೆ.