ಗುಬ್ಬಿಯ ಟೀಚರ್ ಬರೆದಿಟ್ಟ ಅಂಕಿಗಳು

1998ರಲ್ಲಿ ನಾನು ತುಮಕೂರಿನಲ್ಲಿ ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದವರ ಮನೆಗೆ ಹೋಗಿ, ಅಕ್ಕಪಕ್ಕ ವಿಚಾರಿಸಿ ವರದಿ ಬರೆಯುವುದು ನನ್ನ ಕೆಲಸ. ಇದನ್ನು ವೆರಿಫಿಕೇಷನ್ ಎನ್ನುತ್ತೇವೆ. ಯಾರನ್ನೂ ಸುಲಭಕ್ಕೆ ನಂಬದವನು ಎಂಬ ಹೆಸರು ನನಗಿತ್ತು. ಅದರ ಬಗ್ಗೆ ಜಂಬವೂ ಇತ್ತು.

ಏಪ್ರಿಲ್‌ನಲ್ಲಿ ಗುಬ್ಬಿಯಿಂದ ಒಂದು ಅರ್ಜಿ ಬಂತು. ಸರ್ವಮಂಗಳಾ, ನಲವತ್ನಾಲ್ಕು ವರ್ಷ, ಪ್ರೈಮರಿ ಶಾಲೆಯ ಟೀಚರ್, ಮದುವೆಯಾಗಿಲ್ಲ. ಹೊರಟಿರುವುದು ಜರ್ಮನಿಗೆ. ಬೆಂಗಳೂರಿಗೆ ಹೋಗುವುದೇ ಅಪರೂಪವಾದ ಹೆಂಗಸಿಗೆ ಜರ್ಮನಿಯಲ್ಲಿ ಏನು ಕೆಲಸ?

ಮೊದಲು ಎದುರಿನ ಅಂಗಡಿಯವನನ್ನು ಕೇಳಿದೆ. ಅವನು ದನಿ ತಗ್ಗಿಸಿದ. “ದಿನಾ ಸಂಜೆ ರೇಡಿಯೋ ಗೊರಗೊರ ಅಂತದೆ ಸಾ. ಅದೇನೋ ನಂಬರ್ ಬರ್ಕಂತಾರೆ. ಫಾರಿನ್ ಕವರ್ ಬೇರೆ ಬತ್ತವೆ. ನಂಗ್ಯಾಕೆ ಬುಡಿ.”

ಟೀಚರ್ ಕಾಫಿ ಕೊಟ್ಟರು. ಮೇಜಿನ ಮೇಲೆ ಹಳೆಯ ರೇಡಿಯೋ, ಕಿಟಕಿಯಿಂದ ತೆಂಗಿನ ಮರಕ್ಕೆ ಎಳೆದ ತಾಮ್ರದ ತಂತಿ, ಪಕ್ಕದಲ್ಲಿ ಒಂದು ನೋಟ್‌ಬುಕ್. ತೆರೆದರೆ ಪುಟಗಟ್ಟಲೆ ಅಂಕಿ: 34433, 25322. ಅದರ ಕೆಳಗೆ ನನಗೆ ತಿಳಿಯದ ಭಾಷೆಯ ಸಾಲುಗಳು.

“ಹನ್ನೊಂದು ವರ್ಷದಿಂದ ಜರ್ಮನ್ ಕಲೀತಿದೀನಿ ಸಾರ್,” ಎಂದರು. “ಅಲ್ಲಿನ ರೇಡಿಯೋದಲ್ಲಿ ಪಾಠ ಬರುತ್ತೆ. ಇಲ್ಲಿಗೆ ಹೇಗೆ ಕೇಳಿಸ್ತು ಅಂತ ಬರೆದು ಕಳಿಸಿದ್ರೆ ಪುಸ್ತಕ ಕಳಿಸ್ತಾರೆ. ಈ ಸಲ ಕೇಳುಗರ ಸ್ಪರ್ಧೇಲಿ ಗೆದ್ದಿದೀನಿ. ಅಲ್ಲೇ ಎರಡು ವಾರ ಕ್ಲಾಸು. ಜೂನ್ ಒಂದಕ್ಕೆ ಅಲ್ಲಿರ್ಬೇಕು.”

“ಕಲಿತು ಏನ್ ಮಾಡ್ತೀರಿ?”

“ಏನೂ ಇಲ್ಲ. ಇಷ್ಟ, ಅಷ್ಟೇ.”

ನನಗೆ ಆ ಉತ್ತರವೇ ಹಿಡಿಸಲಿಲ್ಲ. ರೇಡಿಯೋ ಕೇಳಿಸಿತು ಎಂದದ್ದಕ್ಕೆ ಯಾರಾದರೂ ಪುಕ್ಕಟೆ ಪುಸ್ತಕ ಕೊಡುತ್ತಾರೆಯೇ? ನೋಟ್‌ಬುಕ್ ತೆಗೆದುಕೊಂಡು ಹೊರಟೆ. ‘ಗುಪ್ತ ಸಂಕೇತ ಇರಬಹುದು’ ಎಂದು ಷರಾ ಬರೆದು ಬೆಂಗಳೂರಿಗೆ ಕಳಿಸಿದೆ. ಟೀಚರ್ ಎರಡು ಸಲ ಬಸ್ಸು ಹಿಡಿದು ಬಂದು ನಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಹೋದರು. ಇಷ್ಟು ಅವಸರ ಏಕೆ ಎಂದು ನನ್ನ ಅನುಮಾನ ಇನ್ನೂ ಬಲಿಯಿತು.

ಆರು ವಾರದ ಮೇಲೆ ನೋಟ್‌ಬುಕ್ ವಾಪಸ್ ಬಂತು. ಜೊತೆಗೆ ಒಂದೇ ಸಾಲು: ನಿಮ್ಮ ವೈರ್‌ಲೆಸ್ ಕೊಠಡಿಯಲ್ಲೇ ವಿಚಾರಿಸಿ.

ಆ ಕೊಠಡಿ ನನ್ನ ಮೇಜಿನಿಂದ ಹತ್ತು ಹೆಜ್ಜೆ. ಆಪರೇಟರ್ ಒಂದು ಪುಟ ನೋಡಿ ನಕ್ಕ. “ಸಿಗ್ನಲ್ ರಿಪೋರ್ಟ್ ಕಣ್ರೀ ಇದು. ದನಿ ಎಷ್ಟು ಜೋರು, ಕರಕರ ಎಷ್ಟು ಅಂತ ಒಂದೊಂದಕ್ಕೂ ಐದಕ್ಕಿಷ್ಟು ಮಾರ್ಕ್ಸು. ದಿನಾ ಬೆಳಿಗ್ಗೆ ನಾವೂ ಸ್ಟೇಷನ್‌ಗಳನ್ನ ಹಿಂಗೇ ಕೇಳ್ತೀವಲ್ಲ, ಕಿವಿಗೆ ಬಿದ್ದಿಲ್ವ?”

ಅಂದು ಜೂನ್ ನಾಲ್ಕು. ಜರ್ಮನಿಯ ಕ್ಲಾಸಿನಲ್ಲಿ ಟೀಚರ್‌ಗಿದ್ದ ಸೀಟು ಬೇರೆಯವರಿಗೆ ಹೋಗಿತ್ತು. ನಾಚಿಕೆಯಿಂದ ಕುಗ್ಗಿಹೋದೆ.

ನೋಟ್‌ಬುಕ್ ಹಿಡಿದು ಗುಬ್ಬಿಗೆ ಹೋದೆ. ಅವರು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಪಾಠ ಬರೆದುಕೊಳ್ಳುತ್ತಿದ್ದರು. ಬೈಯಲಿಲ್ಲ. “ಆರು ವಾರ ಇಟ್ಕೊಂಡಿದ್ರಲ್ಲ ಸಾರ್, ಒಂದು ಪದನಾದ್ರೂ ಕಲ್ತ್ರಾ?” ಎಂದರು.

“ತಪ್ಪಾಯ್ತು ಅನ್ನೋಕೆ ಆ ಭಾಷೇಲಿ ಏನಂತಾರೆ ಮೇಡಂ?” ಎಂದೆ.

“ಮೊದ್ಲು ಕನ್ನಡದಲ್ಲಿ ಹೇಳಿ.”

ಹೇಳಿದೆ. ಸರ್ವಿಸಿನಲ್ಲಿ ಅರ್ಜಿದಾರರೊಬ್ಬರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಮುಂದೆ ಕುಣಿಗಲ್‌ಗೆ ವರ್ಗವಾಯಿತು. ಅಲ್ಲಿಯೂ ಅನುಮಾನಪಡುವುದನ್ನು ಬಿಡಲಿಲ್ಲ, ಅದು ಕೆಲಸ. ಆದರೆ ಷರಾ ಬರೆಯುವ ಮೊದಲು ಎದ್ದು ಹೋಗಿ ಪಕ್ಕದ ಕೊಠಡಿಯವರನ್ನು ಕೇಳುತ್ತಿದ್ದೆ. ಯಾರಾದರೂ ‘ಸುಮ್ಮನೆ, ಇಷ್ಟ’ ಎಂದರೆ ವರದಿಯಲ್ಲಿ ಅದನ್ನೇ ಕಾರಣವೆಂದು ಬರೆದು ಸಹಿ ಹಾಕುತ್ತಿದ್ದೆ.