ನಮ್ಮ ಮನೆಯಲ್ಲಿ ಮರೆತವರು ಯಾರು?

ಸಿಡುಬಿನ ಚುಚ್ಚುಮದ್ದಿನವರು ಮನೆ ಬಾಗಿಲಿಗೆ ಬರುವುದು ನಿಮಗೆಲ್ಲ ಗೊತ್ತು. ಮಲೇರಿಯಾದವರು ಗೋಡೆಗೆ ಡಿ.ಡಿ.ಟಿ. ಹೊಡೆಯಲು ಬರುವುದೂ ಗೊತ್ತು. ಆದರೆ ಮರೆವು ಹತ್ತಿದ ಮುದುಕರು ಇದ್ದಾರೆಯೇ ಎಂದು ಕೇಳಿಕೊಂಡು ಬಂದವರನ್ನು ನೋಡಿದ್ದೀರಾ?

ನಾನು ನೋಡಿದೆ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ಯಲಹಂಕದ ನನ್ನ ತವರಿನಲ್ಲಿ. (ಯಶವಂತಪುರದಿಂದ ಪುಟಾಣಿ ರೈಲಿನಲ್ಲಿ ಹೋದರೆ ಸೀರೆಯೆಲ್ಲ ಇದ್ದಿಲ ಪುಡಿ. ಆದರೂ ಹೋಗುತ್ತೇನೆ.)

ಬಂದವರು ಪಟ್ಟಣದ ಒಂದು ಆಸ್ಪತ್ರೆಯ ಡಾಕ್ಟರು. ಸುತ್ತಲ ಊರುಗಳಲ್ಲಿ ಎಷ್ಟು ಮಂದಿ ವಯಸ್ಸಾದವರಿಗೆ ಮರೆವಿನ ಕಾಯಿಲೆ ಇದೆ, ಎಷ್ಟು ಮಂದಿಗೆ ಮನಸ್ಸು ಕುಗ್ಗುವ ಕಾಯಿಲೆ ಇದೆ ಎಂದು ಸರ್ವೆ ಮಾಡುತ್ತಿದ್ದರಂತೆ. ಹೋದ ಮನೆಯಲ್ಲೆಲ್ಲ ‘ನಮ್ಮಲ್ಲಿ ಅಂಥವರಿಲ್ಲ’ ಎಂಬುದೇ ಉತ್ತರವಂತೆ.

ನನ್ನ ತಮ್ಮ ನಾರಾಯಣ ಮುಚ್ಚಿಡಲಿಲ್ಲ. ಅಮ್ಮನನ್ನು ತೋರಿಸಿದ.

ಅಮ್ಮ ಒಂದು ವರ್ಷದಿಂದ ಮಂಕಾಗಿದ್ದಳು. ಕಂಬಕ್ಕೆ ಒರಗಿ ಕೂತರೆ ಕೂತಳು. ಊಟ ಬೇಡ. ಏನು ಕೇಳಿದರೂ ‘ಗೊತ್ತಿಲ್ಲ’. ಅರಳುಮರಳು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಅದೇ ಮನೆಯಲ್ಲಿರುವ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಹೆಂಡತಿಯನ್ನು ಕಳೆದುಕೊಂಡವನು. ಆದರೂ ಎಷ್ಟು ನಗು, ಎಷ್ಟು ಮಾತು. ಬಂದವರನ್ನೆಲ್ಲ ‘ಬಾ ಮಗಾ’ ಎಂದೇ ಕರೆಯುವುದು.

ಡಾಕ್ಟರು ಇಬ್ಬರನ್ನೂ ಮಾತಾಡಿಸುತ್ತೇನೆ ಎಂದರು. ಮೊದಲು ಚಿಕ್ಕಪ್ಪ. ಬೆಳಿಗ್ಗೆ ಏನು ಮಾಡಿದಿರಿ ಎಂದರೆ, ದ್ರಾಕ್ಷಿ ತೋಟಕ್ಕೆ ಹೋಗಿ ಬಳ್ಳಿ ಸವರಿ ಬಂದೆ ಎಂದ. ನಾವು ನಕ್ಕೆವು. ತೋಟ ಕಿತ್ತು ರಾಗಿ ಹಾಕಿ ಎಷ್ಟೋ ವರ್ಷವಾಗಿದೆ, ತಮಾಷೆ ಮಾಡುತ್ತಾನೆ ಎಂದುಕೊಂಡೆವು. ಡಾಕ್ಟರು ನಗಲಿಲ್ಲ. ನನ್ನನ್ನು ತೋರಿಸಿ, ಇವರ ಹೆಸರೇನು ಎಂದು ಕೇಳಿದರು.

“ಒಳ್ಳೆ ಕೇಳಿದ್ರಿ. ಎತ್ತಿ ಆಡಿಸ್ದೋನು ನಾನು. ನೀನೇ ಯೋಳು ಮಗಾ.”

ನಗುತ್ತಲೇ ಅಂದ. ಹೆಸರು ಮಾತ್ರ ಬರಲಿಲ್ಲ. ಎಲ್ಲರನ್ನೂ ಮಗಾ ಎನ್ನುವವನಿಗೆ ಯಾರ ಹೆಸರು ತಾನೇ ಬೇಕು? 

ಆಮೇಲೆ ಅಮ್ಮ. ಇವತ್ತು ಯಾವ ವಾರ? ಗೊತ್ತಿಲ್ಲ. ಯಾವ ಮಾಸ? ಗೊತ್ತಿಲ್ಲ. ನಾವಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆವು. ಡಾಕ್ಟರು ಚಾಪೆ ಬಿಟ್ಟು ಏಳಲಿಲ್ಲ. ತುಂಬ ಹೊತ್ತಾದ ಮೇಲೆ, ನಿದ್ದೆ ಬರುತ್ತಾ ತಾಯಿ ಎಂದರು.

ಅಮ್ಮ ಮೆಲ್ಲಗೆ ಬಾಯಿಬಿಟ್ಟಳು. ನಿದ್ದೆ ಬಿಟ್ಟುಹೋಗಿದ್ದು ಚಿಕ್ಕಮ್ಮ ತೀರಿಕೊಂಡ ಮೇಲೆ. ಅವತ್ತು ಯಾವ ತಿಥಿ, ಒಲೆಯ ಮೇಲೆ ಏನಿತ್ತು, ಎಲ್ಲ ಹೇಳಿದಳು. ಇಬ್ಬರೂ ಓರಗಿತ್ತಿಯರು. ಮದುವೆಯಾಗಿ ಬಂದಂದಿನಿಂದ ಒಂದೇ ಒಲೆ, ಒಂದೇ ಒರಳು. ಸಾವಿನ ಮನೆಗೆ ಬಂದವರೆಲ್ಲ ಚಿಕ್ಕಪ್ಪನಿಗೆ ಸಮಾಧಾನ ಹೇಳಿದರು. ಓರಗಿತ್ತಿಗೆ ಯಾರಾದರೂ ಸಮಾಧಾನ ಹೇಳುವುದುಂಟೇ?

“ದೀಪ ಹಚ್ಚೋ ಹೊತ್ಗೆ ದಿನಾ ಬಂದು, ಅತ್ಗೆ, ಅವ್ಳೆಲ್ಲಿ ಓದ್ಲು ಅಂತಾನೆ. ಸತ್ತೋದ್ಲಲ್ಲಪ್ಪ ಅಂತೀನಿ. ಆಗ್ಲೇ ಕೇಳ್ದಂಗೆ ಅಳ್ತಾನೆ. ಬೆಳಗಾದ್ರೆ ಅವ್ನಿಗೆ ಮರ್ತೋಯ್ತದೆ. ನಂಗೆ ಮರ್ತೋಗಾಕಿಲ್ವಲ್ಲ ಸ್ವಾಮಿ. ದಿನಾ ಅವ್ಳನ್ನ ನಾನೇ ಸಾಯಿಸ್ಬೇಕು.”

ಆ ಹೊತ್ತಿಗೆ ನಾರಾಯಣ ಕೆಲಸದಿಂದ ಬಂದಿರುವುದಿಲ್ಲ. ಅವನ ಹೆಂಡತಿ ಕೊಟ್ಟಿಗೆಯಲ್ಲಿರುತ್ತಾಳೆ. ಯಾರಿಗೂ ಗೊತ್ತೇ ಇರಲಿಲ್ಲ. ನಾರಾಯಣ ಎದ್ದು ಹೊರಗೆ ಹೋದ.

ಮರೆವಿನ ಕಾಯಿಲೆ ಚಿಕ್ಕಪ್ಪನದು, ಅಮ್ಮನದು ಮನಸ್ಸು ಕುಗ್ಗಿದ ಕಾಯಿಲೆ ಎಂದರು ಡಾಕ್ಟರು. ಹೊರಗಿನಿಂದ ನೋಡಿದವರಿಗೆ ಅದಲುಬದಲಾಗಿ ಕಾಣುವುದುಂಟಂತೆ. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಇದೆ. ವಯಸ್ಸಾಯಿತು ಎಂದು ಎರಡನ್ನೂ ಒಂದೇ ಮಾತಲ್ಲಿ ಮುಚ್ಚಿಬಿಟ್ಟರೆ ಲೆಕ್ಕ ಸಿಗುವುದಾದರೂ ಹೇಗೆ?

ಅಮ್ಮ ಗೊಣಗುತ್ತಲೇ ಆಸ್ಪತ್ರೆಗೆ ಹೋದಳು, ಗೊಣಗುತ್ತಲೇ ಮಾತ್ರೆ ನುಂಗಿದಳು. ಹೋದ ವಾರ ನನ್ನ ಸೊಪ್ಪಿನ ಸಾರಿಗೆ ಉಪ್ಪು ಜಾಸ್ತಿ ಎಂದು ಬೈದಳು. (ಬೈದು, ಇನ್ನೊಂದು ಸಲ ಬಡಿಸಿಕೊಂಡಳು.)

ಚಿಕ್ಕಪ್ಪನ ಮರೆವು ಹೆಚ್ಚುತ್ತಿದೆ. ಮೊನ್ನೆ ಸ್ಟೇಷನ್ ಹತ್ತಿರ ದಾರಿ ತಪ್ಪಿ, ಜಟಕಾದವನು ಕರೆತಂದು ಬಿಟ್ಟ. ಸಂಜೆಯ ಪ್ರಶ್ನೆಗೆ ಈಗ ನಾರಾಯಣನ ಹೆಂಡತಿಯೇ ಉತ್ತರ ಹೇಳುತ್ತಾಳೆ. ರಾಜಾನುಕುಂಟೆಗೆ ತವರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಅಂತ. ಸರಿ ಎಂದು ಅವನು ಜಗಲಿಯ ಮೇಲೆ ಕೂರುತ್ತಾನೆ. ಆ ಸುಳ್ಳು ತನ್ನ ಬಾಯಲ್ಲಿ ಬರುವುದಿಲ್ಲ ಎಂದು ಅಮ್ಮ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಾಳೆ.

ಡಾಕ್ಟರು ಈಗ ಹುಣಸಮಾರನಹಳ್ಳಿ ಕಡೆ ತಿರುಗುತ್ತಿದ್ದಾರಂತೆ. ನಾಳೆ ನಿಮ್ಮ ಬಾಗಿಲಿಗೆ ಬಂದರೆ, ನೀವು ಯಾರನ್ನು ತೋರಿಸುತ್ತೀರಿ?