ಆಪಾ ಹೊಲಿದ ಗವಸು

ಮೊದಲು ಬಂದದ್ದು ವಾಸನೆ. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತುಬಿಟ್ಟರೆ ಬರುತ್ತದಲ್ಲ, ಅಂಥದ್ದು. ಜೊತೆಗೆ ಹಳೆಯ ಸೀಮೆಎಣ್ಣೆಯದು, ಧೂಳಿನದು. ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಎದ್ದು ಹೋಗುವಷ್ಟರಲ್ಲಿ ಮೊಮ್ಮಗಳು ಸ್ನಾನದ ಮನೆಯಿಂದ ಬಂದಾಗಿತ್ತು.

"ಅಜ್ಜಿ, ನನ್ನ ಲ್ಯಾಪ್‌ಟಾಪಿಗೆ ಇದನ್ನ ಹೊದಿಸಿದ್ದು ಯಾರು?"

ಕೇಳುವುದೇನು, ಮನೆಯಲ್ಲಿದ್ದವಳು ನಾನೊಬ್ಬಳೇ. ಅದನ್ನು ಹಾಸಿಗೆಯ ಮೇಲೆ ತೆರೆದಿಟ್ಟು ಹೋಗಿದ್ದಳು. ಕಿಟಕಿಯಿಂದ ರಸ್ತೆಯ ಧೂಳು ಬರುತ್ತಿತ್ತು. ನಾನು ಟ್ರಂಕಿನಿಂದ ಹಳೆಯ ಗವಸೊಂದನ್ನು ತೆಗೆದು, ನಾಲ್ಕೂ ಕಡೆ ಒತ್ತಿ ಮುಚ್ಚಿದ್ದೆ.

"ಅದು ಓಡ್ತಾ ಇತ್ತು ಅಜ್ಜಿ. ಅದಕ್ಕೆ ಉಸಿರಾಡೋದು ಬೇಡ್ವಾ?"

"ಮಿಷನ್ನು ಉಸಿರಾಡೋದನ್ನ ನಾನೆಲ್ಲಿ ಕಂಡಿದ್ದೆ?"

ಅವಳು ಅದನ್ನು ಎತ್ತಿ, ಪಕ್ಕದಲ್ಲಿದ್ದ ಸಣ್ಣ ಸೀಳುಗಳನ್ನು ತೋರಿಸಿದಳು. ಒಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗಬೇಕಂತೆ. ಮುಚ್ಚಿದರೆ ಬೆಂದು ಬೇಗ ಹಾಳಾಗುತ್ತದಂತೆ. "ಮುಟ್ಟಿ ನೋಡು, ಹೆಂಗೆ ಸುಡ್ತಿದೆ," ಅಂದಳು. ಮುಟ್ಟಿದೆ. ನನಗೇನೂ ತಿಳಿಯಲಿಲ್ಲ. ನನ್ನ ಬೆರಳ ತುದಿಗಳಿಗೆ ಬಿಸಿ, ತಣ್ಣಗೆ ಎರಡೂ ತಿಳಿಯುವುದು ನಿಂತು ಬಹಳ ವರ್ಷವಾಯಿತು.

ಗವಸನ್ನು ನನ್ನ ಕಡೆ ಎಸೆದು ಅವಳು ಕಾಲೇಜಿಗೆ ಹೋದಳು. ನಾನು ಅದನ್ನು ಮೂಗಿಗೆ ಹಿಡಿದೆ. ಬಿಸಿಯಾಗಿದ್ದರಿಂದಲೋ ಏನೋ, ಇಷ್ಟು ವರ್ಷ ಟ್ರಂಕಿನಲ್ಲಿ ಸತ್ತುಬಿದ್ದಿದ್ದ ವಾಸನೆ ಎದ್ದು ಬಂದಿತ್ತು. ಸೀಮೆಎಣ್ಣೆ, ರಿಬ್ಬನ್ನಿನ ಮಸಿ... ಮತ್ತೆ ಆಪಾ.

ಆಪಾ ಎಂದರೆ ಅವರ ಮನೆಮಾತು ಉರ್ದುವಿನಲ್ಲಿ ಅಕ್ಕ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಒಂದು ಮಹಡಿಯ ಮೇಲೆ ಅವರು ಟೈಪಿಂಗ್ ಕಲಿಸುತ್ತಿದ್ದರು. ಎಂಬತ್ತರ ದಶಕದ ಮಾತು. ಎಲ್ಲ ಜಾತಿಯವರೂ ಆಪಾ ಎಂದೇ ಕರೆಯುತ್ತಿದ್ದರು. ಅವರ ತಂದೆ ತಾಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಅವರು ಬಿಟ್ಟುಹೋದದ್ದು ಐದು ಮಿಷನ್ನು: ನಾಲ್ಕು ಇಂಗ್ಲಿಷಿನವು, ಒಂದು ಕನ್ನಡದ್ದು. ಆಪಾ ಮದುವೆಯಾಗಿರಲಿಲ್ಲ. ಕಲಿಯಲು ಬರುವ ಹುಡುಗಿಯರು ಮೆಟ್ಟಿಲ ಮೇಲೆ, "ಅವರಿಗೆ ಐದು ಜನ ಗಂಡಂದಿರು ಕಣೇ, ಸಂಜೆ ಆದ್ರೆ ಎಲ್ಲರಿಗೂ ಕಂಬಳಿ ಹೊದಿಸಿ ಮಲಗಿಸ್ತಾರೆ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಳ್ಳೆಯವರು ಎಂದು ಹೇಳಲಾರೆ. ನಗುತ್ತಿರಲಿಲ್ಲ. ಹುಡುಗಿಯರ ಉಗುರು ನೋಡಿ, ಕೊಳಕಾಗಿದ್ದರೆ ಮನೆಗೆ ಕಳಿಸುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವಳನ್ನು ಕೈ ತೊಳೆಯದೆ ಕೂರಿಸುತ್ತಿರಲಿಲ್ಲ. ಬೋಂಡ ತಿನ್ನುತ್ತಾ ಬಂದವಳೊಬ್ಬಳಿಗೆ ಇಡೀ ವಾರ ಮಿಷನ್ ಮುಟ್ಟಲು ಬಿಡದೆ, ಮೇಜಿನ ಮೇಲೆ ಬರಿಯ ಬೆರಳು ಕುಟ್ಟಿಸಿದರು.

ನಾನು ಆಗ ಫಿಲೇಚರಿನಲ್ಲಿ ಕೆಲಸಕ್ಕಿದ್ದೆ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಜಾಗ ಅದು. ಗಂಡ ಸತ್ತ ಮೇಲೆ ದಿಬ್ಬೂರಹಳ್ಳಿಯಿಂದ ಮಗಳನ್ನು ಕರೆದುಕೊಂಡು ಬಂದು ಅಲ್ಲಿ ಸೇರಿಕೊಂಡೆ. ಬೆಳಗಿನಿಂದ ಬಿಸಿನೀರಿನ ಬೇಸಿನ್ನಿನೊಳಗೆ ಕೈ. ಗೂಡಿನ ಎಳೆ ಹುಡುಕಬೇಕು, ಹಿಡಿಯಬೇಕು, ಚರಕಕ್ಕೆ ಕೊಡಬೇಕು. ಬೆರಳು ಬೆಂದು ಬಿಳಿಚಿ, ಸಂದಿಯಲ್ಲಿ ಒಡೆಯುತ್ತಿತ್ತು. ಮಗಳು ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದಳು. ಟೈಪಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಳು. ಫೀಸು ಕೊಡಲು ನನ್ನ ಕೈಲಾಗುತ್ತಿರಲಿಲ್ಲ. ಮಹಡಿ ಹತ್ತಿ ಆಪಾರನ್ನು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಸಂಜೆ ಬಂದು ಕಸ ಹೊಡಿ, ಮಿಷನ್ ಒರೆಸು. ಮಗಳು ಕಲೀಲಿ. ನಾನು ಹೇಳಿದ್ದಷ್ಟೇ ಮಾಡ್ಬೇಕು, ನಿನ್ನ ಬುದ್ಧಿ ಉಪಯೋಗಿಸ್ಬೇಡ."

ಅವರು ಹೇಳಿದ್ದು ಇಷ್ಟು. ಕೆಳಗಿನ ಬೀದಿಯಲ್ಲೆಲ್ಲ ಫಿಲೇಚರುಗಳು, ಗೂಡಿನ ಕೂದಲಂಥ ನವಿರು ಗಾಳಿಯಲ್ಲಿ ಹಾರುತ್ತಿರುತ್ತದೆ, ಹಬೆ ಬೇರೆ. ಅದಕ್ಕೇ ಕೆಲಸವಿಲ್ಲದ ಹೊತ್ತಿನಲ್ಲಿ ಗವಸು ಹಾಕಿಯೇ ಇರಬೇಕು. ಕಸ ಹೊಡೆಯುವ ಮೊದಲು ಗವಸು ಹಾಕಬೇಕೇ ಹೊರತು ಆಮೇಲಲ್ಲ. ಒಣ ಬಟ್ಟೆಯಲ್ಲಿ ಒರೆಸಬೇಕು. ಮಿಷನ್ನನ್ನು ಸರಿಸುವುದಾದರೆ ಕೆಳಗಿನ ಚೌಕಟ್ಟು ಹಿಡಿದು ಎತ್ತಬೇಕು, ಮೇಲಿನ ರೋಲರು ಹಿಡಿದರೆ ಕೈ ಮುರಿಯುತ್ತೇನೆ ಎಂದಿದ್ದರು. ಗವಸುಗಳನ್ನು ಅವರೇ ಹೊಲಿದಿದ್ದರು. ತಮ್ಮ ತಂದೆಯ ಹಳೆಯ ಕೋಟುಗಳನ್ನು ಬಿಚ್ಚಿ, ಒಳಗೆ ತೆಳ್ಳಗಿನ ಮಲ್ಲು ಬಟ್ಟೆ ಕೊಟ್ಟು ಹೊಲಿದದ್ದು. ಒಂದರಲ್ಲಿ ಕೋಟಿನ ಜೇಬು ಹಾಗೇ ಉಳಿದಿತ್ತು. ಬ್ರಷ್ಷು ಅದರಲ್ಲಿ ಇರುತ್ತಿತ್ತು.

ವಾರಕ್ಕೊಮ್ಮೆ ಅಕ್ಷರಗಳ ಕೊಳೆ ಬಿಡಿಸುವುದು. ಕಬ್ಬಿಣದ ಕಡ್ಡಿಗಳ ತುದಿಯಲ್ಲಿರುವ ಅಕ್ಷರಗಳಲ್ಲಿ ಮಸಿ, ನವಿರು ಸೇರಿ ಕಟ್ಟಿಕೊಳ್ಳುತ್ತದೆ. ನನಗೆ ಇಂಗ್ಲಿಷ್ ಬಾರದು, ಕನ್ನಡವೇ ಕೂಡಿಸಿ ಓದುವವಳು. ಆದರೆ ಹೊಟ್ಟೆ ಇರುವ ಅಕ್ಷರ, ಹೊಟ್ಟೆ ಇಲ್ಲದ ಅಕ್ಷರ ಯಾವುವೆಂದು ಬೇಗ ತಿಳಿಯಿತು. ಹೊಟ್ಟೆ ಇರುವುದರಲ್ಲೇ ಕೊಳೆ ತುಂಬುವುದು. ತುಂಬಿದರೆ ಕಾಗದದ ಮೇಲೆ ಬರಿಯ ಕಪ್ಪು ಬೊಟ್ಟು. ಸೂಜಿ ಹಾಕಿದರೆ ಕಬ್ಬಿಣ ಗೀರುತ್ತದೆಂದು ಆಪಾ ತೆಂಗಿನಗರಿಯ ಕಡ್ಡಿ ಚೂಪು ಮಾಡಿ ಕೊಡುತ್ತಿದ್ದರು. ಬೆಂದ ಬೆರಳಲ್ಲಿ ಆ ಕಡ್ಡಿ ಹಿಡಿಯುವುದೇ ಕಷ್ಟವಾಗಿತ್ತು. ಹೇಗೋ ಮಾಡುತ್ತಿದ್ದೆ.

ಮಗಳು ಚುರುಕಾಗಿ ಕಲಿತಳು. ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ. ವಕೀಲರೊಬ್ಬರು, ಪಾಸಾಗಿ ಬಂದರೆ ತಮ್ಮ ಆಫೀಸಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದರು. ನಾನು ಮಗಳಿಗೆ ಮೊದಲೇ ಹೇಳಿಬಿಟ್ಟಿದ್ದೆ, "ಫೇಲಾದ್ರೆ ಮಾರನೇ ದಿನ ನನ್ನ ಪಕ್ಕ ಬೇಸಿನ್ ಮುಂದೆ ಕೂತ್ಕೊ. ಇನ್ನು ಸಾಕೋಕ್ಕಾಗಲ್ಲ." ಫಿಲೇಚರ್ ಯಜಮಾನನೂ ಅವಳ ವಯಸ್ಸಿನ ಬೆರಳು ಎಳೆ ಹಿಡಿಯಲು ಚೆನ್ನ ಎಂದು ಕೇಳಿದ್ದ.

ಪರೀಕ್ಷೆಗೆ ಐದು ದಿನ ಇರುವಾಗ ಆಪಾ ನಂಟರ ಮದುವೆಗೆಂದು ಗೌರಿಬಿದನೂರಿಗೆ ಹೋದರು. ಬೀಗದ ಕೈ ನನಗೆ ಕೊಟ್ಟರು. ಹುಡುಗಿಯರು ಬಂದು ಟೈಪ್ ಹೊಡೆದುಕೊಳ್ಳಲಿ, ನೀನು ಒರೆಸಿ ಮುಚ್ಚು, ಅಷ್ಟೇ ಎಂದರು. ಆ ಸಂಜೆ ಮಗಳು, ಕಿಟಕಿ ಪಕ್ಕದ ತನ್ನ ಮಿಷನ್ನು ಯಾಕೋ ಬಿಗಿಯಾಗಿದೆ, ಬೆರಳು ನೋಯುತ್ತದೆ ಎಂದಳು.

ಬಿಗಿಯಾದರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲವೇ? ಫಿಲೇಚರಿನಲ್ಲಿ ಚರಕ ಬಿಗಿಯಾದರೆ ಹರಳೆಣ್ಣೆ ಬಿಡುತ್ತಿದ್ದೆವು. ಬಿಟ್ಟ ಕೂಡಲೇ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಮಾರನೆಯ ದಿನ ಒಂದು ಬಟ್ಟಲಲ್ಲಿ ಹರಳೆಣ್ಣೆ ತಂದು, ಹಕ್ಕಿಯ ಗರಿ ಅದ್ದಿ, ಕಡ್ಡಿಗಳ ಬುಡಕ್ಕೆಲ್ಲ ಧಾರಾಳವಾಗಿ ಬಿಟ್ಟೆ. ಮಗಳು ಹೊಡೆದು ನೋಡಿ, "ಅಮ್ಮ, ಏನು ಹಗುರ ಆಗಿದೆ" ಎಂದಳು. ನನಗೂ ಹೆಮ್ಮೆಯಾಯಿತು.

ಚರಕ ದಿನವೆಲ್ಲ ಹಬೆಯಲ್ಲಿ ತಿರುಗುತ್ತದೆ, ಎಣ್ಣೆ ನಿಲ್ಲುವುದಿಲ್ಲ. ಟೈಪ್ ಮಿಷನ್ನಿನ ಕಡ್ಡಿಗಳು ಕೂದಲೆಳೆಯಷ್ಟು ಸಂದಿಯಲ್ಲಿ, ಒಣಗಿದ್ದರಷ್ಟೇ ಆಡುವಂಥವು. ಎರಡು ದಿನದಲ್ಲಿ ಎಣ್ಣೆ ನವಿರನ್ನೆಲ್ಲ ಎಳೆದುಕೊಂಡು ಅಂಟಾಯಿತು. ಮೂರನೆಯ ದಿನ ಹೊಡೆದ ಕಡ್ಡಿ ಮೇಲೆ ಹೋಗಿ ಅಲ್ಲೇ ನಿಂತಿತು. ಕೆಳಗೆ ಬೀಳಲಿಲ್ಲ. ಅದರ ಮೇಲೆ ಇನ್ನೊಂದು ಹೋಗಿ ಕುಳಿತಿತು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಆಪಾ ಬಂದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಬಗ್ಗಿ ಮೂಸಿದರು.

"ಯಾವ ಎಣ್ಣೆ?"

"ಹರಳೆಣ್ಣೆ, ಆಪಾ. ಚರಕಕ್ಕೆ..."

"ಇದು ಚರಕನಾ?"

ಆಪಾ ಸಿಕ್ಕಿಕೊಂಡ ಕಡ್ಡಿಯೊಂದನ್ನು ಬೆರಳಿನಿಂದ ಕೆಳಗಿಳಿಸಿದರು.

"ಅದಕ್ಕೆ ಅದರ ಬುದ್ಧಿ, ಇದಕ್ಕೆ ಇದರ ಬುದ್ಧಿ. ಒಂದರದ್ದು ತಂದು ಇನ್ನೊಂದಕ್ಕೆ ಹಾಕಿದ್ರೆ ಎರಡೂ ಕೆಡ್ತವೆ ಕಣಮ್ಮ. ಕೂತ್ಕೊ. ಹಾಕಿದವಳು ನೀನು, ತೆಗಿಯೋಳೂ ನೀನೇ."

ಬೇರೆ ಮಿಷನ್ ಇರಲಿಲ್ಲ. ಪರೀಕ್ಷೆಗೆ ನಮ್ಮ ಮಿಷನ್ನನ್ನು ನಾವೇ ಹೊತ್ತುಕೊಂಡು ಹೋಗಬೇಕಿತ್ತು. ಉಳಿದ ಮೂರು ಇಂಗ್ಲಿಷ್ ಮಿಷನ್ನು ಉಳಿದ ಮೂವರು ಹುಡುಗಿಯರಿಗೆ. ಐದನೆಯದು ಕನ್ನಡದ್ದು. ಆ ದಿನ ಫಿಲೇಚರಿಗೆ ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ, ಒಂದೊಂದೇ ಕಡ್ಡಿ ಎತ್ತಿ ಉಜ್ಜಿ ಒರೆಸಿದೆ. ಒಡೆದ ಬೆರಳಿಗೆ ಸೀಮೆಎಣ್ಣೆ ಇಳಿದು ಉರಿ. ಆಪಾ ಎದುರಿಗೆ ಕುಳಿತು, "ಇನ್ನೊಂದ್ಸಲ... ಅದಲ್ಲ, ಪಕ್ಕದ್ದು" ಎನ್ನುತ್ತಿದ್ದರು. ಮಧ್ಯಾಹ್ನದ ಊಟವನ್ನು ಇಬ್ಬರೂ ಮಾಡಲಿಲ್ಲ. ಮಗಳು ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಸಂಜೆಗೆ ಎಲ್ಲ ಕಡ್ಡಿಗಳೂ ಹೊಡೆದ ಕೂಡಲೇ ಕೆಳಗೆ ಬಿದ್ದವು, ಒಂದನ್ನು ಬಿಟ್ಟು. ಅದು ಬಾಲ ಇರುವ ಅಕ್ಷರ. ಹತ್ತು ಸಲ ಹೊಡೆದರೆ ಎರಡು ಸಲ ತಡಮಾಡುತ್ತಿತ್ತು. ಅದು ಬಂದಾಗ ಒಂದು ಕ್ಷಣ ತಡೆದು ಮುಂದೆ ಹೋಗು ಎಂದು ಆಪಾ ಮಗಳಿಗೆ ಹೇಳಿಕೊಟ್ಟರು.

ಮಾರನೆಯ ದಿನ ನಾಲ್ಕು ಮಿಷನ್ನಿನ ರೋಲರುಗಳನ್ನು ಅಲುಗದಂತೆ ಬಟ್ಟೆಯಲ್ಲಿ ಬಿಗಿದು, ಗವಸು ಹಾಕಿ, ಬಸ್ಸು ಹತ್ತಿಸಿದೆವು. ಕಂಡಕ್ಟರು ಟಾಪಿಗೆ ಹಾಕಿ ಎಂದ. ಆಪಾ ಒಪ್ಪಲಿಲ್ಲ. ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು.

"ಏನ್ರಮ್ಮಾ ಇದು, ಮಕ್ಕಳನ್ನ ಹೊತ್ಕೊಂಡು ಹೋದಂಗೆ. ಇದಕ್ಕೂ ಟಿಕೆಟ್ ಹರೀಲಾ?" ಎಂದು ಅವನು ನಕ್ಕ.

"ಹರಿ. ಅರ್ಧ ಟಿಕೆಟ್. ಅಳಲ್ಲ, ಕಿರಿಚಲ್ಲ, ವಾಂತಿ ಮಾಡಲ್ಲ," ಎಂದರು ಆಪಾ. ಆ ಒಂದು ಸಲ ಬಿಟ್ಟರೆ ಅವರ ಬಾಯಲ್ಲಿ ತಮಾಷೆ ಕೇಳಿದ ನೆನಪಿಲ್ಲ.

ಮಗಳು ಫೇಲಾದಳು. ಉಳಿದ ಮೂವರೂ ಪಾಸು. ಕಡ್ಡಿ ಸಿಕ್ಕಿಕೊಂಡಾಗಲೆಲ್ಲ ಬೆರಳಿನಿಂದ ಹಿಂದಕ್ಕೆ ತಳ್ಳಿ ತಳ್ಳಿ ಹೊತ್ತು ಹೋಯಿತಂತೆ, ಪುಟ ಮುಗಿಯಲಿಲ್ಲವಂತೆ. ಫಲಿತಾಂಶ ಬಂದ ಮಾರನೆಯ ದಿನವೇ ಅವಳನ್ನು ಫಿಲೇಚರಿಗೆ ಕರೆದುಕೊಂಡು ಹೋದೆ. ತಪ್ಪು ನನ್ನದೆಂದು ನನಗೆ ಗೊತ್ತಿತ್ತು. ಆದರೂ ಕರೆದುಕೊಂಡು ಹೋದೆ. ಹೇಳಿದ ಮಾತು ಹೇಳಿಯಾಗಿತ್ತು, ಮನೆಯೂ ನಡೆಯಬೇಕಿತ್ತು.

ಅವಳು ಬೇಸಿನ್ ಮುಂದೆ ಕುಳಿತು ಇನ್ನೂ ನೀರಿಗೆ ಕೈ ಹಾಕಿರಲಿಲ್ಲ, ಆಪಾ ಬಂದು ಬಾಗಿಲಲ್ಲಿ ನಿಂತರು. ಯಾರು ಹೇಳಿದರೋ ತಿಳಿಯದು. ಸತ್ತ ಹುಳದ ನಾತಕ್ಕೆ ದುಪಟ್ಟಾ ಮೂಗಿಗೆ ಒತ್ತಿ ಹಿಡಿದಿದ್ದರು. ಒಳಗೆ ಬಂದು ನನ್ನ ಬಲಗೈ ಎತ್ತಿ, ಎಲ್ಲರ ಮುಂದೆ ತಿರುಗಿಸಿ ತೋರಿಸಿದರು, ಮೊದಲ ದಿನ ನೋಡಿದ್ದ ಹಾಗೆಯೇ.

"ನೀನು ಮಿಷನ್ ಕೆಡಿಸಿದೆ, ಸೀಮೆಎಣ್ಣೆ ಹಾಕಿ ತೊಳೆದ್ವಿ. ಈ ಹುಡುಗಿ ಬೆರಳು ಹಿಂಗೆ ಬೇಯಿಸಿದ್ರೆ ಯಾವ ಎಣ್ಣೇಲಿ ತೊಳೀತೀಯಾ ಹೇಳು?"

"ಹೊಟ್ಟೆಗೆ ಏನ್ ಮಾಡೋದು ಆಪಾ?" ಎಂದೆ. ಗಟ್ಟಿಯಾಗಿಯೇ ಅಂದೆ.

"ಒಣ ಕೆಲಸ ಕೊಡ್ಸು. ನೂಲು ಸುತ್ತಲಿ, ಗಂಟು ಹಾಕಲಿ. ನೀರಿಗೆ ಮಾತ್ರ ಕೈ ಹಾಕ್ಬಾರ್ದು. ಸಂಜೆ ನನ್ಹತ್ರ ಬರಲಿ."

ಯಜಮಾನನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದರು. ಅವನು ತಲೆ ತಗ್ಗಿಸಿದ. ಅವನೂ ಚಿಕ್ಕಂದಿನಲ್ಲಿ ಅವರ ಮಹಡಿಯಲ್ಲಿ ಕಲಿತವನೇ ಅಂತೆ. ಮಗಳು ಎದ್ದು ನೂಲು ಸುತ್ತುವ ಕಡೆಗೆ ಹೋದಳು. ಮುಂದಿನ ಪರೀಕ್ಷೆಯವರೆಗೆ ಅಲ್ಲೇ ಇದ್ದಳು. ಆ ಸಲ ಅದೇ ಮಿಷನ್ನಿನಲ್ಲಿ ಪಾಸಾದಳು. ವಕೀಲರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಇನ್ನೊಬ್ಬ ವಕೀಲರ ಹತ್ತಿರ ಸೇರಿದಳು, ಇವತ್ತಿಗೂ ಅಲ್ಲೇ ಇದ್ದಾಳೆ. ಈಗ ಕಂಪ್ಯೂಟರು.

ಮಗಳಿಗೆ ಕೆಲಸವಾದ ಮೇಲೆ ನಾನು ಮಹಡಿ ಹತ್ತುವುದು ಕಡಿಮೆಯಾಯಿತು. ತೊಂಬತ್ತರ ಕೊನೆಯ ಹೊತ್ತಿಗೆ ಊರಿಗೆ ಕಂಪ್ಯೂಟರ್ ಕ್ಲಾಸು ಬಂತು. ಒಮ್ಮೆ ಹೋದಾಗ ಕಲಿಯುವವರು ಒಬ್ಬರೂ ಇರಲಿಲ್ಲ. ಆಪಾ ಒಬ್ಬರೇ ಐದೂ ಮಿಷನ್ನಿನ ಗವಸು ತೆಗೆದು, ಒರೆಸಿ, ಮತ್ತೆ ಹಾಕುತ್ತಿದ್ದರು. ಯಾರೂ ಮುಟ್ಟದ ಮಿಷನ್ನಿಗೆ ಧೂಳೆಲ್ಲಿಂದ ಬರಬೇಕು ಎಂದು ಕೇಳಿದೆ. "ಮುಟ್ಟದೇ ಇದ್ರೇನೇ ಜಾಸ್ತಿ," ಎಂದರು. ಜೇಬಿರುವ ಗವಸು ಹರಿದಿತ್ತು. ಹೊಲಿದು ತರುತ್ತೇನೆ ಎಂದು ಮನೆಗೆ ತಂದೆ.

ತಂದವಳು ಹೊಲಿಯಲಿಲ್ಲ. ಇವತ್ತು ನಾಳೆ ಎಂದು ಹೋಯಿತು. ಅವರಿಗೆ ಹುಷಾರಿಲ್ಲ ಎಂದು ಮಗಳು ಹೇಳಿದಳು, ತಾನು ಹೋಗಿ ನೋಡಿಕೊಂಡು ಬಂದಳು. ನಾನು ಹೋಗಲಿಲ್ಲ. ಗವಸು ಹೊಲಿಯದೆ ಹೇಗೆ ಹೋಗುವುದು ಎಂದುಕೊಂಡೆ... ಅದೂ ಒಂದು ನೆಪವೇ. ಅವರು ತೀರಿಕೊಂಡ ಮೇಲೆ ತಮ್ಮನ ಮಕ್ಕಳು ಮಿಷನ್ನುಗಳನ್ನು ಗುಜರಿಗೆ ಹಾಕಿದರಂತೆ. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲವಂತೆ.

ಇವತ್ತು ಮಧ್ಯಾಹ್ನ ಕೂತು ಆ ಗವಸು ಹೊಲಿದೆ. ಸೂಜಿ ಹಿಡಿದದ್ದು ಬೆರಳಿಗೆ ತಿಳಿಯುವುದಿಲ್ಲ, ಕಣ್ಣಲ್ಲಿ ನೋಡಿಕೊಂಡೇ ಹಿಡಿಯಬೇಕು. ಜೇಬಿನಲ್ಲಿದ್ದ ಬ್ರಷ್ಷಿನಿಂದ, ಮೊಮ್ಮಗಳು ಬಂದ ಮೇಲೆ ಅವಳನ್ನು ಕೇಳಿಕೊಂಡೇ, ಲ್ಯಾಪ್‌ಟಾಪಿನ ಸೀಳುಗಳ ಧೂಳು ತೆಗೆದೆ. ಕಂಬಳಿಯ ನವಿರು ಬಂತು. ಇನ್ನು ಮೇಲೆ ಹಲಗೆಯ ಮೇಲಿಟ್ಟುಕೊಳ್ಳೇ, ಹಾಸಿಗೆ ಮೇಲೆ ಬೇಡ ಎಂದೆ. ಅವಳು ಅದನ್ನು ಆರಿಸಿ ಮುಚ್ಚಿದಳು.

ಅಷ್ಟರಲ್ಲಿ ಮಗಳು ಆಫೀಸಿನಿಂದ ಬಂದಳು. ನಾನು ಗವಸು ಹಿಡಿದು ನಿಂತಿದ್ದನ್ನು ನೋಡಿದಳು. ಅದು ಯಾವುದೆಂದು ಅವಳಿಗೆ ಗುರುತು ಸಿಕ್ಕಿತು.

"ತಣ್ಣಗಾಗಿದೆಯಾ ನೋಡೇ. ನನ್ನ ಬೆರಳಿಗೆ ತಿಳಿಯಲ್ಲ," ಎಂದೆ.

ಅವಳು ಬ್ಯಾಗು ಕೆಳಗಿಟ್ಟು, ಲ್ಯಾಪ್‌ಟಾಪಿನ ಮೇಲೆ ನಾಲ್ಕು ಬೆರಳ ತುದಿ ಇಟ್ಟು ನೋಡಿದಳು.

"ಇನ್ನೂ ಸ್ವಲ್ಪ ಬೆಚ್ಚಗಿದೆ ಅಮ್ಮ. ತಡಿ," ಎಂದಳು.